ಬೆಳ್ಳಿ ಕರಡಿಗೆ

"ಇದನ್ನ ತೆಗೆದಿಟ್ಟು ಬಾರಪ್ಪ" ಎಂದು ರೆಫರಿ ಓಂಕಾರಮೂರ್ತಿಯ ಎದೆಯ ಮೇಲೆ ಬೆರಳಿಟ್ಟ.

ಜರ್ಸಿಯ ಕೆಳಗೆ ನಿಂಬೆಹಣ್ಣಿನಷ್ಟು ಉಬ್ಬಿಕೊಂಡಿದ್ದುದು ಅವನ ಲಿಂಗದ ಕರಡಿಗೆ. ಬೆಳ್ಳಿಯದು, ತೀರಿಹೋದ ಅಪ್ಪನ ಕೊರಳಿನಿಂದ ಅವನ ಕೊರಳಿಗೆ ಬಂದದ್ದು.

"ಲಿಂಗ ಸಾರ್ ಅದು."

"ಲಿಂಗ ಬ್ಯಾಡ ಅಂದ್ನೇನಯ್ಯ? ಬೆಳ್ಳಿ ಬ್ಯಾಡ ಅಂದೆ. ಯಾರ ಹಲ್ಲಿಗಾದ್ರೂ ಬಡಿದ್ರೆ ಜವಾಬ್ದಾರಿ ಯಾರು?"

ರೆಫರಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಜ್ಜಂಪುರದ ತಂಡದಲ್ಲಿ ಮಿಕ್ಕವರೆಲ್ಲ ತಮ್ಮ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡಿದ್ದರು. ಅವರನ್ನು ಅವನು ಕೇಳಲೂ ಇಲ್ಲ. ಊರಿನ ಬಯಲಿನಲ್ಲಾಗಿದ್ದರೆ ಓಂಕಾರಮೂರ್ತಿಯನ್ನೂ ಯಾರೂ ಕೇಳುತ್ತಿರಲಿಲ್ಲ. ಆದರೆ ಇದು ತರೀಕೆರೆಯ ಬಯಲು, ಸುತ್ತ ನಿಂತವರು ತರೀಕೆರೆಯವರು, ಸೀಟಿ ಹೊರಗಿನವನ ಬಾಯಲ್ಲಿ.

ಓಂಕಾರಮೂರ್ತಿ ಗೆರೆಯ ಹತ್ತಿರ ನಿಂತಿದ್ದ ಸೋದರಮಾವನ ಬಳಿಗೆ ಓಡಿಬಂದ. ಮಾವ ಜಯದೇವಪ್ಪನದು ಅಜ್ಜಂಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ. ಹನ್ನೊಂದು ಜನರ ಮೈಮೇಲಿದ್ದ ನೀಲಿ ಜರ್ಸಿಯೂ ಅವನ ಅಂಗಡಿಯ ಬಟ್ಟೆಯೇ. ಹಾಗಾಗಿ ತಂಡವೂ ತನ್ನದೇ ಎಂದು ಅವನು ತಿಳಿದಿದ್ದ. ಬೆಳಿಗ್ಗೆ ಎಣ್ಣೆ ಗಿರಣಿಯ ಲಾರಿಯಲ್ಲಿ ನಲವತ್ತು ಜನ ಕೂಗುತ್ತಾ ಹಾಡುತ್ತಾ ಬಂದಿದ್ದರೆ, ಅವನು ಡ್ರೈವರನ ಪಕ್ಕದಲ್ಲಿ ಹೊಸ ಶಲ್ಯ ಹೊದ್ದು, ಮೋಡ ಕಂಡು ತಂದಿದ್ದ ಕೊಡೆಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ದಿಬ್ಬಣದ ಹಿರಿಯನ ಹಾಗೆ ಕೂತು ಬಂದಿದ್ದ. ಕೊಡೆ ಹಳೆಯದು. ಅದನ್ನು ಸುತ್ತಿ ಬಿಗಿಯುವ ಪಟ್ಟಿಯ ಗುಂಡಿ ಎಂದೋ ಕಿತ್ತುಹೋಗಿತ್ತು.

"ಮಾವ, ಒಂದು ಗೇಣು ಬಟ್ಟೆ ಕೊಡಿ. ಲಿಂಗ ತೆಗ್ದು ತೋಳಿಗೆ ಕಟ್ಕೋತೀನಿ. ಕರಡಿಗೆ ಮಾತ್ರ ನೀವು ಇಟ್ಕೊಳ್ಳಿ."

ಜಯದೇವಪ್ಪ ಹೆಗಲಿನ ಶಲ್ಯ ಮುಟ್ಟಿ ನೋಡಿಕೊಂಡ. ಹಬ್ಬಕ್ಕೆಂದು ತೆಗೆದದ್ದು, ಮಡಿಕೆಯೇ ಇನ್ನೂ ಹೋಗಿರಲಿಲ್ಲ. ಅತ್ತ ರೆಫರಿ ಸೀಟಿಯನ್ನು ಬಾಯಿಗಿಟ್ಟಿದ್ದ.

"ಈಗ ಸುತ್ತಿ ಕಟ್ಟಿ ಕೂತ್ರೆ ಆಟ ಶುರುವಾಗೋಯ್ತದೆ ಕಣೋ. ತಾ ಇಲ್ಲಿ, ಹಂಗೇ ಕೊಡು."

"ಮೈಮೇಲಿಂದ ತೆಗೀಬಾರ್ದು ಅಂತ ಅಮ್ಮ..."

"ನಾನೇನು ಹೊರಗಿನೋನೇನೋ? ನನ್ನ ಕೊರಳಲ್ಲೂ ಲಿಂಗ ಇಲ್ವೇ? ನನ್ನ ಜೀವದ ಹಂಗೆ ನೋಡ್ಕೋತೀನಿ, ಹೋಗು."

ಓಂಕಾರಮೂರ್ತಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೊಟ್ಟ. ಜಯದೇವಪ್ಪ ಅದರ ಶಿವದಾರವನ್ನು ಎಡ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. ಕೊಡೆಯೂ ಅದೇ ಕೈಯಲ್ಲಿ ತೂಗುತ್ತಿತ್ತು. ಮುಕ್ಕಾಲು ಆಟದವರೆಗೆ ಅವನು ಮುಷ್ಟಿ ಸಡಿಲಿಸಲಿಲ್ಲ, ಅದು ನಿಜ. ತರೀಕೆರೆಯವರು ಮೊದಲು ಒಂದು ಗೋಲು ಹೊಡೆದಾಗಲೂ, ಇವರು ಅದನ್ನು ಸಮ ಮಾಡಿದಾಗಲೂ ಅವನು ಹಿಡಿದೇ ನಿಂತಿದ್ದ. ಕೊನೆಯ ಗಳಿಗೆಯಲ್ಲಿ ಮೂಲೆಯಿಂದ ಬಂದ ಚೆಂಡಿಗೆ ಓಂಕಾರಮೂರ್ತಿ ಹಣೆ ಕೊಟ್ಟ. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಮಠದ ಕಮಿಟಿಯ ಸದಸ್ಯ, ನಲವತ್ತಾರು ವರ್ಷದ ಜಯದೇವಪ್ಪ ಎರಡೂ ಕೈ ಮೇಲೆತ್ತಿ ಕುಣಿದ. ಯಾರನ್ನೋ ತಬ್ಬಿಕೊಂಡ, ಯಾರೋ ಅವನನ್ನು ಎತ್ತಿ ಇಳಿಸಿದರು.

ಆಟ ಮುಗಿದಾಗ ಎಲ್ಲರೂ ನೀರಿನ ಕೊಡದ ಕಡೆಗೆ ಓಡಿದರು. ಓಂಕಾರಮೂರ್ತಿ ಮಾತ್ರ ಮಾವನ ಹತ್ತಿರ ಬಂದು, ನಗುತ್ತಾ, ಏದುಸಿರಿನಲ್ಲಿ ಅಂಗೈ ಚಾಚಿದ. ಲಿಂಗ ಮೈಮೇಲಿಲ್ಲದೆ ಅವನು ನೀರು ಮುಟ್ಟುವವನಲ್ಲ.

ಜಯದೇವಪ್ಪ ತನ್ನ ಕೈ ನೋಡಿಕೊಂಡ. ಮಣಿಕಟ್ಟಿನಲ್ಲಿ ದಾರದ ಗುರುತು ಮಾತ್ರ ಕೆಂಪಗೆ ಮೂಡಿತ್ತು.

ಕತ್ತಲಾಗುವವರೆಗೆ ಹುಡುಕಿದರು, ಯಾರ ಕೈಯಿಂದ ಬಿತ್ತೆಂದು ಯಾರೂ ಕೇಳಲಿಲ್ಲ. ಸೋತ ತರೀಕೆರೆಯವರೂ ಮಂಡಿಯೂರಿ ಹುಲ್ಲು ಕೆದಕಿದರು. ಒಬ್ಬ ಅಜ್ಜ ಲಾಟೀನು ತಂದು ಕೊಟ್ಟ. ಏನೂ ಸಿಗಲಿಲ್ಲ. ಹಿಂತಿರುಗುವಾಗ ಗೆದ್ದವರ ಲಾರಿಯಲ್ಲಿ ಯಾರೂ ಹಾಡಲಿಲ್ಲ. ಮಾವನ ಪಕ್ಕದಲ್ಲಿ ಕೂತಿದ್ದ ಓಂಕಾರಮೂರ್ತಿ ಒಣಗಿದ ತುಟಿ ಸವರಿಕೊಳ್ಳುತ್ತಾ, ಅಜ್ಜಂಪುರ ಹತ್ತಿರವಾದಾಗ ಒಂದೇ ಮಾತು ಆಡಿದ.

"ಅಮ್ಮಂಗೆ ನೀವೇ ಹೇಳಿ ಮಾವ."

ಮಲ್ಲಿಕಾಂಬ ಬಾಗಿಲಲ್ಲೇ ನಿಂತಿದ್ದಳು. ಲಾರಿಗಿಂತ ಮೊದಲು ಸುದ್ದಿ ಬಂದು ಮುಟ್ಟಿತ್ತೋ ಏನೋ, ಮಗನ ಮುಖವನ್ನು ನೋಡದೆ ಕೊರಳನ್ನೇ ನೋಡಿದಳು. ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಸಾಕಿದ ಹೆಂಗಸು, ಊರಲ್ಲಿ ಒಂದು ಮಾತು ಅನ್ನಿಸಿಕೊಂಡವಳಲ್ಲ.

"ಏನಾಯ್ತು ಜಯದೇವ? ಯಾರ ಕೈಲಿತ್ತು?"

ಹೇಳಲು ಜಯದೇವಪ್ಪ ಬಾಯಿ ತೆರೆದದ್ದು ನಿಜವನ್ನೇ. ಆದರೆ ಅಕ್ಕನ ಹಿಂದೆ ನೆರೆಮನೆಯವರು ನಿಂತಿದ್ದರು, ಮಠದ ಕಮಿಟಿಯವರೊಬ್ಬರು ಜಗಲಿಯ ಮೇಲೆ ಕೂತಿದ್ದರು.

"ಗೆದ್ದ ಗಲಾಟೇಲಿ ಇವನ ಕೈಗೇ ಕೊಟ್ಟೆ ಕಣಕ್ಕ. ಎಲ್ಲಿ ಬೀಳಿಸ್ಕೊಂಡ್ನೋ, ಪಾಪ."

ಓಂಕಾರಮೂರ್ತಿ ತಲೆ ಎತ್ತಿ ಮಾವನನ್ನು ನೋಡಿದ. ಸಿಟ್ಟಿನಿಂದಲ್ಲ, ಗುರುತಿಲ್ಲದವನನ್ನು ನೋಡುವ ಹಾಗೆ. ಆಮೇಲೆ ತಲೆ ತಗ್ಗಿಸಿದ. ಎತ್ತಿ ಆಡಿಸಿದ ಮಾವನನ್ನು ಹತ್ತು ಜನರ ಮುಂದೆ ಸುಳ್ಳುಗಾರ ಎನ್ನುವುದು ಅವನಿಂದ ಆಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಜಯದೇವಪ್ಪನ ಮಾತೂ ಅಲ್ಲಿಗೆ ಹೋಯಿತು.

ಆ ರಾತ್ರಿ ತಾಯಿ ಮಗ ಇಬ್ಬರೂ ನೀರು ಮುಟ್ಟಲಿಲ್ಲ. ಬೆಳಿಗ್ಗೆ ಬರಿಗಾಲಿನಲ್ಲಿ ಮಠಕ್ಕೆ ನಡೆದರು. ಅಯ್ಯನವರು ಮಾಡಬೇಕಾದ್ದನ್ನು ಮಾಡಿ ಹೊಸ ಲಿಂಗ ಕಟ್ಟಿದರು, ಬಟ್ಟೆಯಲ್ಲಿ. ಮನೆಗೆ ಬಂದ ಮೇಲೆ ಮಲ್ಲಿಕಾಂಬ ಮಗನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿದಳು, ಇನ್ನು ಚೆಂಡು ಮುಟ್ಟುವುದಿಲ್ಲವೆಂದು. ಮುಂದಿನ ತಿಂಗಳು ಕಡೂರಿನವರು ಅಜ್ಜಂಪುರಕ್ಕೇ ಬಂದು ನಾಲ್ಕು ಗೋಲು ಹೊಡೆದು ಹೋದರು. ನೀಲಿ ಜರ್ಸಿಗಳು ಬೇಸಿಗೆಯ ಹೊತ್ತಿಗೆ ಹೊಲದ ಕೆಲಸಕ್ಕೆ ಬಿದ್ದವು.

ಯುಗಾದಿ ಕಳೆದು ಮೊದಲ ಮಳೆ ಬಂದಾಗ ಜಯದೇವಪ್ಪ ಅಂಗಡಿಯ ಬಾಗಿಲಲ್ಲಿದ್ದ. ಕಾರ್ತಿಕದಿಂದ ಮೊಳೆಗೆ ನೇತುಬಿದ್ದಿದ್ದ ಕೊಡೆಯನ್ನು ತೆಗೆದು ಬಿಚ್ಚಿದ. ಒಳಗಿನಿಂದ ಏನೋ ಜಾರಿ, ಮೆಟ್ಟಿಲಿಗೆ ಬಡಿದು, ಕೆಸರಿನಲ್ಲಿ ಬಿತ್ತು. ಬೆಳ್ಳಿ ಕಪ್ಪಾಗಿತ್ತು. ದಾರ ಹಾಗೆಯೇ ಇತ್ತು.

ಅವನು ಅದನ್ನು ಎತ್ತಿ, ಆಗಲೇ ಹಳೆಯದಾಗಿದ್ದ ಆ ಶಲ್ಯದಲ್ಲೇ ಒರೆಸಿ, ಆ ಮಳೆಯಲ್ಲೇ ಅಕ್ಕನ ಮನೆಗೆ ಹೊರಟ. ಕೊಟ್ಟು ಕಾಲಿಗೆ ಬೀಳಬೇಕು, ಅಕ್ಕನಾದರೇನು, ಅಳಿಯನಾದರೇನು ಎಂದೇ ಹೊರಟ. ಬೀದಿಯ ತಿರುವಿನಲ್ಲಿ ಓಂಕಾರಮೂರ್ತಿ ಕಂಡ. ಗಿರಣಿಯ ಗುಮಾಸ್ತಿಕೆ ಮುಗಿಸಿ ಬಂದು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಬೀದಿಯಲ್ಲಿ ಮಕ್ಕಳು ಮಳೆಯಲ್ಲಿ ಚೆಂಡು ಒದೆಯುತ್ತಿದ್ದರು. ಚೆಂಡು ಉರುಳಿ ಉರುಳಿ ಅವನ ಪಾದದ ಹತ್ತಿರ ಬಂತು. ಓಂಕಾರಮೂರ್ತಿ ಎರಡೂ ಕಾಲನ್ನು ಮೇಲೆತ್ತಿ ಜಗಲಿಯ ಮೇಲಿಟ್ಟುಕೊಂಡ.

ಜಯದೇವಪ್ಪ ಅಲ್ಲಿಂದಲೇ ಹಿಂತಿರುಗಿದ. ನಾಳೆ ಹೇಳಿದರಾಯಿತು ಎಂದುಕೊಂಡ.

ಆ ನಾಳೆಗೆ ಆರು ವರ್ಷವಾಯಿತು. ಲಿಂಗವನ್ನು ಮಠಕ್ಕೆ ಒಪ್ಪಿಸಬಹುದಿತ್ತು, ಒಪ್ಪಿಸಿದರೆ ಯಾರದೆಂದು ಕೇಳುತ್ತಾರೆ. ಪೂಜೆಯಿಲ್ಲದೆ ಇಡುವಂತೆಯೂ ಇರಲಿಲ್ಲ. ದಿನಾ ಬೆಳಿಗ್ಗೆ ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಎಡ ಅಂಗೈಯಲ್ಲಿ ತನ್ನದರ ಪಕ್ಕ ಅದನ್ನೂ ಇಟ್ಟುಕೊಂಡು ನೀರೆರೆಯುತ್ತಿದ್ದ. ಹೆಂಡತಿ ಶಕುಂತಲಮ್ಮನಿಗೂ ಹೇಳಿರಲಿಲ್ಲ. ಮಲ್ಲಿಕಾಂಬ ಹಿಂದಿನ ವರ್ಷ ತೀರಿಕೊಂಡಿದ್ದಳು. ತನ್ನ ಮಗ ಅಪ್ಪನ ಕರಡಿಗೆ ಉಳಿಸಿಕೊಳ್ಳದವನು ಎಂದುಕೊಂಡೇ ಹೋದಳು. ಮಣ್ಣು ಹಾಕುವಾಗ ಜಯದೇವಪ್ಪ ಅತ್ತದ್ದನ್ನು ಕಂಡವರು, ತಮ್ಮ ಅಂದ್ರೆ ಹಿಂಗಿರಬೇಕು ಎಂದರು.

ಅರವತ್ತೈದನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ ಹೊರಗೆ ಲಾರಿಯ ಹಾರನ್ ಕೇಳಿಸಿತು. ಆಮೇಲೆ ಓಂಕಾರಮೂರ್ತಿಯ ದನಿ.

"ಅತ್ತೆ, ಮಾವ ಎಲ್ಲಿ? ನಮ್ಮ ಹುಡುಗ್ರು ತರೀಕೆರೆಗೆ ಆಡಕ್ಕೆ ಹೊಂಟವ್ರೆ. ನಾನೂ ನೋಡಕ್ಕೆ ಹೋಗ್ತಿದೀನಿ. ಮಾವನ್ನೂ ಕರ್ಕೊಂಡು ಹೋಗಾನ ಅಂತ ಬಂದೆ."

"ಪೂಜೆಗೆ ಕೂತವ್ರೆ. ಒಳಗೇ ಹೋಗಪ್ಪ, ನೀನೇನು ಹೊರಗಿನೋನಾ? ನೀರು ತತ್ತೀನಿ."

ಬಾಗಿಲು ತೆರೆದುಕೊಂಡಿತು. ಜಯದೇವಪ್ಪನಿಗೆ ಅಂಗೈ ಮುಚ್ಚಿಕೊಳ್ಳಲು ಆಗಲಿಲ್ಲ, ಎರಡೂ ಲಿಂಗಗಳ ಮೇಲೆ ನೀರು ನಿಂತಿತ್ತು. ಮಣೆಯ ಮೇಲೆ ಬೆಳ್ಳಿ ಕರಡಿಗೆ ತೆರೆದುಕೊಂಡು ಬಿದ್ದಿತ್ತು. ಓಂಕಾರಮೂರ್ತಿ ಅದನ್ನು ನೋಡಿದ. ಮಾವನ ಅಂಗೈ ನೋಡಿದ.

"ಪೂಜೆ ಮುಗಿಸಿ ಮಾವ" ಎಂದ, ಮೆಲ್ಲಗೆ. "ನಾನು ಜಗಲೀಲಿರ್ತೀನಿ."

ಆ ಪೂಜೆಯನ್ನು ಹೇಗೆ ಮುಗಿಸಿದನೋ ಜಯದೇವಪ್ಪನಿಗೇ ತಿಳಿಯದು. ಅಳಿಯನ ಲಿಂಗವನ್ನು ಒರೆಸಿ ಕರಡಿಗೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದುಕೊಂಡು, ಆರು ವರ್ಷದ ಮಾತನ್ನು ಗಂಟಲಿಗೆ ತಂದುಕೊಂಡು ಹೊರಗೆ ಬಂದ. ಬೀದಿಯ ಕೊನೆಯಲ್ಲಿ ಲಾರಿ ತಿರುಗುತ್ತಿತ್ತು. ಹಿಂದೆ ನಿಂತಿದ್ದವರು ಹಾಡುತ್ತಿದ್ದರು.

ಜಗಲಿಯ ಮೇಲೆ ಯಾರೂ ಇರಲಿಲ್ಲ. ಶಕುಂತಲಮ್ಮ ತಂದಿಟ್ಟ ಲೋಟದಲ್ಲಿ ನೀರು ಅಂಚಿನವರೆಗೆ ಹಾಗೆಯೇ ತುಂಬಿಕೊಂಡಿತ್ತು.