ಹೊಸಬಾಳೆಯ ಹಸೆಗೋಡೆ

ದೊಡ್ಡಮ್ಮನ ಮಗ ಶರತ್‌ನ ಮದುವೆ ಗೊತ್ತಾದಾಗ ರಮ್ಯ ಶಿಕಾರಿಪುರದಿಂದ ಅವರ ಊರು ಹೊಸಬಾಳೆಗೆ ಒಂದು ಎಚ್‌ಡಿ ಕ್ಯಾಮೆರಾ ಹೊತ್ತು ತಂದಳು. ಅದು ಮದುವೆಗಳ ವಿಡಿಯೊ ತೆಗೆಯುವ ಗೆಳತಿ ಗಂಗಾಶ್ರೀಯದು. ರಮ್ಯಳಿಗೆ ಬೇಕಿದ್ದದ್ದು ಮದುವೆಯಲ್ಲ; ಅದಕ್ಕೆ ಮುಂಚೆ ದೊಡ್ಡಮ್ಮ ವನಜಮ್ಮ, ಮದುಮಕ್ಕಳು ಕೂರುವ ಜಾಗದ ಹಿಂದಿನ ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರ.

ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ಅರೆದ ಬಿಳಿ. ವನಜಮ್ಮನ ಕೈಯಲ್ಲಿ ಪುಂಡಿನಾರಿನ ಕುಂಚ. ಕಾಫಿ ಲೋಟ ಎತ್ತುವಾಗ ನಡುಗುವ ಕೈ ಗೋಡೆಯ ಮುಂದೆ ನಡುಗುತ್ತಿರಲಿಲ್ಲ. ಕೂದಲಿನಷ್ಟು ಸಣ್ಣ ಎಳೆಗಳು ಒಂದರ ಪಕ್ಕ ಒಂದು, ಎಲ್ಲೂ ತಾಗದೆ ಸಾಗುತ್ತಿದ್ದವು.

"ಇದೇ ಕಡೇದು ಕಣೇ," ಎಂದಳು ವನಜಮ್ಮ. "ಕಣ್ಣು ಸೋತಾವೆ."

ಮದುವೆಯಾದ ಮೇಲೆ ಶರತ್ ಮನೆ ದೊಡ್ಡದು ಮಾಡಲು ಹೊರಟ. ಹಸೆಗೋಡೆ ಅಡ್ಡ ಬಂತು. ವನಜಮ್ಮನಿಗೆ ಮನಸ್ಸಿರಲಿಲ್ಲ. "ಅದೊಂದು ಇದ್ದರೆ ಇರ್ಲಿ ಬಿಡಾ," ಎಂದಳು. ಅವಳನ್ನು ಒಪ್ಪಿಸಿದ್ದು ರಮ್ಯ. "ವಿಡಿಯೊದಾಗೆ ಒಂದು ಎಳೆನೂ ಬಿಡದಂಗೆ ಐತೆ ದೊಡ್ಡಮ್ಮ. ಗೋಡೆ ಹೋದ್ರೂ ಅದು ಎಲ್ಲೂ ಹೋಗಲ್ಲ."

ಗೋಡೆ ಉರುಳಿತು.

ರಮ್ಯಳ ಮನೆಯಲ್ಲಿದ್ದದ್ದು ಗಂಡನ ಅಂಗಡಿ ಲೆಕ್ಕಕ್ಕೆಂದು ತಂದ ಹಳೆಯ ಕಂಪ್ಯೂಟರ್. ಆ ಭಾರದ ವಿಡಿಯೊ ಅದರಲ್ಲಿ ಓಡುತ್ತಿರಲಿಲ್ಲ. ದೊಡ್ಡಮ್ಮನ ಕೈ ಅರ್ಧ ಗೆರೆಗೇ ನಿಂತುಬಿಡುತ್ತಿತ್ತು, ಆಮೇಲೆ ಗೋಡೆಯ ಇನ್ನೊಂದು ತುದಿಗೆ ಹಾರುತ್ತಿತ್ತು. ಗಂಗಾಶ್ರೀಗೆ ಫೋನ್ ಮಾಡಿದಳು.

"ಎಲ್ಲ ವಿಡಿಯೊಕ್ಕೂ ಒಂದೊಂದು ಚಿಕ್ಕ ಕಾಪಿ ಮಾಡ್ಕೊ, ಮಸುಕಿದ್ರೂ ಹಗುರಾಗಿ ಓಡ್ತದೆ. ಕತ್ತರಿಸೋದು ಜೋಡಿಸೋದು ಅದರಾಗೆ ಮಾಡು. ಕೊನೆಗೆ ಚಿಕ್ಕದ್ರ ಜಾಗಕ್ಕೆ ಮೊದಲಿನ ದೊಡ್ಡವನ್ನ ಕೂರಿಸು. ದೊಡ್ಡವನ್ನ ಮಾತ್ರ ಅಳಿಸಬ್ಯಾಡ. ನನ್ ಕ್ಯಾಮೆರಾ ಕಾರ್ಡಿನಾಗೆ ಇದನ್ನ ಅಳಿಸಿ ಬ್ಯಾರೆ ಮದುವೆ ತುಂಬಿ ಆತು."

ಕೆಲಸ ಸುಸೂತ್ರವಾಯಿತು. ವನಜಮ್ಮ ಫೋನ್ ಮಾಡಿದಾಗಲೆಲ್ಲ "ಆತೇನೇ?" ಎಂದೇ ಶುರು ಮಾಡುತ್ತಿದ್ದಳು. ಕೊನೆಯಲ್ಲಿ ಕಂಪ್ಯೂಟರ್ ಜಾಗವಿಲ್ಲ ಎಂದು ನಿಂತಿತು. ಅದರ ಚಿಕ್ಕ ಪರದೆಯಲ್ಲಿ ಚಿಕ್ಕ ಕಾಪಿಯೂ ಚೆನ್ನಾಗಿಯೇ ಕಾಣುತ್ತಿತ್ತು. ಇಷ್ಟು ಸಾಕಲ್ಲ, ದೊಡ್ಡವು ಇನ್ನೇಕೆ ಅನ್ನಿಸಿತು ರಮ್ಯಳಿಗೆ. ಅಳಿಸಿದಳು.

ಹೊಸಬಾಳೆಯ ಹೊಸ ಹಾಲಿನಲ್ಲಿ ದೊಡ್ಡ ಟಿವಿ ಇತ್ತು. ಪೆನ್‌ಡ್ರೈವ್ ಸಿಕ್ಕಿಸಿ ಎಲ್ಲರೂ ಕೂತರು. ವನಜಮ್ಮನ ಮುಖ ಬಂತು, ಕೈ ಬಂತು, ಗೋಡೆ ಬಂತು. ಎಳೆಗಳು ಮಾತ್ರ ಬರಲಿಲ್ಲ. ಅವು ಒಂದಕ್ಕೊಂದು ಅಂಟಿಕೊಂಡು ಬಿಳಿಯ ಪಟ್ಟೆಗಳಾಗಿದ್ದವು.

ವನಜಮ್ಮ ಎದ್ದು ಟಿವಿಯ ಹತ್ತಿರ ಹೋದಳು. ಸೆರಗಿನಿಂದ ಪರದೆ ಒರೆಸಿದಳು. "ಸುಣ್ಣ ಬಳ್ದಂಗೆ ಕಾಣ್ತದಲ್ಲೇ. ನನ್ ಕಣ್ಣೇ ಹಿಂಗಾತೇನೋ."

"ಟಿವಿ ದೊಡ್ಡದು, ಅದಕ್ಕೇ ಹಂಗೆ ದೊಡ್ಡಮ್ಮ," ಎಂದುಬಿಟ್ಟಳು ರಮ್ಯ.

"ನಿನ್ ಕಂಪ್ಯೂಟರಿನಾಗೆ ಸರಿ ಕಾಣ್ತದಾ? ಹಂಗಾರೆ ನಿನ್ ಜೊತೆಗೇ ಬಸ್ ಹತ್ತಿ ಬರ್ತೀನಿ. ಒಂದ್ ಸಲ ನೋಡ್ಕೊಂಡು ಬಂದ್ಬಿಡ್ತೀನಿ."

ಅವಳು ಆಗಲೇ ಸೀರೆ ಬದಲಿಸಲು ಒಳಗೆ ಹೊರಟಿದ್ದಳು. ರಮ್ಯ ಹಿಂದೆಯೇ ಹೋಗಿ ಕೈ ಹಿಡಿದಳು. "ಅಲ್ಲೂ ಇಷ್ಟೇ ದೊಡ್ಡಮ್ಮ. ಚೆನ್ನಾಗಿರೋದನ್ನ ನಾನೇ ಅಳಿಸಿಬಿಟ್ಟೆ."

ಪೆಟ್ಟಿಗೆಯಿಂದ ಸೀರೆ ತೆಗೆದಿದ್ದ ವನಜಮ್ಮ ಅವಳ ಕಡೆ ತಿರುಗಿದಳು. "ಮತ್ತೆ ಬರಾಕಿಲ್ವಾ?"

"ಇಲ್ಲ."

ಬೈದಿದ್ದರೆ ರಮ್ಯ ಅತ್ತು ಹಗುರಾಗುತ್ತಿದ್ದಳೇನೋ. ವನಜಮ್ಮ ಬೈಯಲಿಲ್ಲ. ತೆಗೆದಿದ್ದ ಸೀರೆಯನ್ನು ಮಡಚಿ ಪೆಟ್ಟಿಗೆಗೆ ಇಟ್ಟು, ಹಾಲಿಗೆ ಬಂದು ಕೂತಳು. "ಹೆಂಗಿದ್ರೂ ಸರಿ, ಹಾಕಾ," ಎಂದು ಮಗನಿಗೆ ಹೇಳಿದಳು. ಶರತ್ ಮತ್ತೆ ಮೊದಲಿನಿಂದ ಹಾಕಿದ. ಬಿಳಿ ಪಟ್ಟೆಗಳು ಬಂದಾಗ ಅವಳು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ, ಇಲ್ಲಿ ಹೀಗೆ ಬರಬೇಕು, ಇಲ್ಲಿ ಹೀಗೆ ತಿರುಗಬೇಕು ಎಂದು ಸೊಸೆಗೆ ಹೇಳತೊಡಗಿದಳು. ರಮ್ಯ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳಿಗೆ ಪರದೆಯ ಕಡೆ ನೋಡಲಾಗಲಿಲ್ಲ.