ಹನ್ನೊಂದನೆಯ ಪ್ರಶ್ನೆ

ಸರದಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಇನ್ನೇನು ಕಿಟಕಿ ಬಂತು ಎನ್ನುವಾಗ ಹಿಂದಿನವರಿಗೆ ಜಾಗ ಬಿಟ್ಟುಕೊಟ್ಟು, ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲುವ ಮನುಷ್ಯರನ್ನು ನೀವು ಕಂಡಿದ್ದೀರಾ? ಕಂಡಿರಲಾರಿರಿ. ಪ್ರೊಫೆಸರ್ ಹಾಗೆ ಮಾಡುತ್ತಿದ್ದರು. ಒಂದು ದಿನವಲ್ಲ, ಎರಡು ದಿನವಲ್ಲ. ಹತ್ತೊಂಬತ್ತು ವರ್ಷ, ಪ್ರತಿ ಮಂಗಳವಾರ ಬೆಳಿಗ್ಗೆ, ಆರೈಕೆ ಭತ್ಯೆಯ ಕಚೇರಿಯಲ್ಲಿ. ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ, ಹಾಸಿಗೆ ಹಿಡಿದವರಿಗೆ ಸರ್ಕಾರ ಕೊಡುವ ನೆರವಿಗಾಗಿ ಜನ ಅಲ್ಲಿ ನಿಲ್ಲುತ್ತಿದ್ದರು. ಇವರ ಕೈಯಲ್ಲಿ ಮಾತ್ರ ಸ್ವಂತ ಅರ್ಜಿ ಎಂಬುದು ಎಂದೂ ಇರಲಿಲ್ಲ. ಮೊದಮೊದಲು ಕಿಟಕಿಯೊಳಗಿನ ಗುಮಾಸ್ತ, ಪಾಪ, ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡ, ಆಮೇಲೆ ಮೇಲಿನವರು ಕಳಿಸಿದ ಬೇಹುಗಾರ್ತಿ ಎಂದು ಹೆದರಿದ, ಕೊನೆಗೊಂದು ಮಂಗಳವಾರ ಅವರು ಜ್ವರ ಬಂದು ಮಲಗಿದಾಗ, "ಸಾಲಿನ ಮೇಡಂ ಎಲ್ರೀ? ಹುಷಾರಾಗಿದಾರಾ?" ಎಂದು ಸಾಲಿನವರನ್ನೇ ವಿಚಾರಿಸಿದ.

ನಡೆಯುವಾಗ ಅವರು ಬಿರುಗಾಳಿ. ವಿಶ್ವವಿದ್ಯಾಲಯದ ಉದ್ದನೆಯ ಪಡಸಾಲೆಯಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ವಿದ್ಯಾರ್ಥಿಗಳು ತಾವಾಗಿಯೇ ಗೋಡೆಗೆ ಒರಗಿ ದಾರಿ ಬಿಡುತ್ತಿದ್ದರು. ಸಾಲಿನಲ್ಲಿ ನಿಂತರೆಂದರೆ ಮಾತ್ರ ಕಂಬ. ಕಾಲು ಬದಲಿಸುವುದಿಲ್ಲ, ಗಡಿಯಾರ ನೋಡುವುದಿಲ್ಲ. ಮೈಮೇಲೆ ಬೇಸಿಗೆಯಲ್ಲೂ ಒಂದು ಕಂದು ಕೋಟು. ಅದನ್ನು ಹೊಲಿದವಳು ದರ್ಜಿಯ ಕೆಲಸ ಮಾಡುವ ಅವರ ತಂಗಿ; ಅಕ್ಕನ ಅಪ್ಪಣೆಯಂತೆ ಒಳಮೈಗೆ ಆರು ಜೇಬು ಇಟ್ಟಿದ್ದಳು. ಆರರಲ್ಲೂ ಪೆನ್ನುಗಳು, ಏಕೆಂದರೆ ಅರ್ಜಿ ತುಂಬಲು ಬಂದವರ ಹತ್ತಿರ ಪೆನ್ನೊಂದು ಬಿಟ್ಟು ಉಳಿದೆಲ್ಲ ಕಾಗದಪತ್ರ ಇರುತ್ತದೆ. ಕೊಟ್ಟ ಪೆನ್ನು ತಿರುಗಿ ಬಂದದ್ದು ಅಪರೂಪ. "ಅಕ್ಕಾ, ನೀನೊಂದು ಪೆನ್ನಿನ ಅಂಗಡೀನೇ ಇಟ್ಬಿಡು, ನಷ್ಟ ಆದ್ರೂ ಅಂಗಡಿ ಅಂತ ಹೆಸರಾದ್ರೂ ಇರುತ್ತೆ" ಎಂದು ತಂಗಿ ಛೇಡಿಸಿದರೆ, ಅಕ್ಕನ ಉತ್ತರ ಸಿದ್ಧ: "ಪೆನ್ನು ಹೋದ್ರೆ ಹೋಗ್ಲಿ ಬಿಡೇ, ಅರ್ಜಿ ಒಳಗೆ ಹೋಯ್ತಲ್ಲ."

ಅವರ ವಿಷಯ ಸಾಮಾಜಿಕ ನೀತಿ. ಅವರ ಅಸ್ತ್ರ ಒಂದೇ ಒಂದು ಪದ. ಸಂಶೋಧನಾ ವಿದ್ಯಾರ್ಥಿಯೊಬ್ಬ ಹೊಳೆಹೊಳೆಯುವ ಕೋಷ್ಟಕಗಳನ್ನು ಹಿಡಿದು, ನಡೆಯಲಾಗದವರಿಗೆ ಗಾಲಿಕುರ್ಚಿ ಹಂಚಿದ ಯೋಜನೆಯ ಯಶೋಗಾಥೆಯನ್ನು ಓದಿ ಮುಗಿಸಿದ ದಿನ, ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ಕೆಳಗಿಳಿಯಿತೆಂದರೆ ಗ್ರಹಚಾರ ಕೆಟ್ಟಿತೆಂದೇ ಅರ್ಥ.

"ಆಮೇಲೆ?"

"ಆಮೇಲೆ ಏನು ಮೇಡಂ? ಕುರ್ಚಿ ಕೊಟ್ರಲ್ಲ!"

"ಕೊಟ್ರಪ್ಪಾ. ಅವರಲ್ಲಿ ಎಷ್ಟು ಜನರ ಮನೆ ಮೂರನೇ ಮಹಡೀಲಿದೆ?"

ಹುಡುಗ ಬೆಬ್ಬೆಬ್ಬೆ ಎಂದ. ಅಂದಿನಿಂದ ಅವರಿಗೆ 'ಆಮೇಲೆ ಮೇಡಂ' ಎಂಬ ಅಡ್ಡಹೆಸರು ಅಂಟಿಕೊಂಡಿತು. ಅದು ಅವರ ಕಿವಿಗೂ ಬಿತ್ತು. ಬಿರುದು ಸಿಕ್ಕಿದವರಂತೆ ಒಳಗೊಳಗೇ ಬೀಗಿದರೆಂದು ತಂಗಿಯೇ ಹೇಳಿದ್ದಾಳೆ.

ಇಂಥ ಪ್ರೊಫೆಸರ್, ಒಂದೇ ಒಂದು ಸಲ, 'ಆಮೇಲೆ?' ಎಂದು ಕೇಳುವುದನ್ನು ಮರೆತಿದ್ದರು. ಮೂವತ್ತರ ಹರೆಯದಲ್ಲಿ, ಆರೈಕೆ ಭತ್ಯೆಯ ಅರ್ಜಿಯನ್ನು ರೂಪಿಸುವ ಸಮಿತಿಗೆ ಅತ್ಯಂತ ಕಿರಿಯ ಸದಸ್ಯೆಯಾಗಿ ಹೋದವರು, ಹಟ ಹಿಡಿದು ಅದಕ್ಕೊಂದು ಪ್ರಶ್ನೆ ಸೇರಿಸಿದರು. ಹನ್ನೊಂದನೆಯದು: 'ನಿಮ್ಮನ್ನು ನೋಡಿಕೊಳ್ಳುವವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ?' ಉದ್ದೇಶವೇನೋ ಘನವಾದದ್ದೇ. ಮನೆಮನೆಗಳಲ್ಲಿ ಹಗಲಿರುಳೆನ್ನದೆ ರೋಗಿಗಳ ಸೇವೆ ಮಾಡುತ್ತ, ಯಾರ ಕಣ್ಣಿಗೂ ಬೀಳದೆ ಸವೆಯುವ ಹೆಣ್ಣುಮಕ್ಕಳು ಎಷ್ಟು ಸಾವಿರವೋ, ಅವರು ಒಮ್ಮೆ ಲೋಕಕ್ಕೆ ಕಾಣಲಿ ಎಂಬ ಹಂಬಲ. ಆ ಉತ್ತರಗಳನ್ನು ಆಧರಿಸಿ ಅವರು ಬರೆದ ಪ್ರಬಂಧ ದೇಶವಿದೇಶದಲ್ಲಿ ಹೆಸರು ತಂದಿತು, ಪ್ರಾಧ್ಯಾಪಕ ಪೀಠವನ್ನೂ ತಂದಿತು. ಮನೆಯಲ್ಲಿ ಅವರ ಕೋಣೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ಇಟ್ಟಿದ್ದ ಒಂದೇ ಕಾಗದವೆಂದರೆ ಆ ಪ್ರಬಂಧದ ಮೊದಲ ಪುಟ.

ಹನ್ನೆರಡು ವರ್ಷದ ನಂತರ, ಏನೋ ಅಧ್ಯಯನಕ್ಕೆಂದು ಅದೇ ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ, ಗಾರೆ ಕೆಲಸ ಮಾಡಿ ಕೈ ನಡುಗುವಂತಾಗಿದ್ದ ಮುದುಕನೊಬ್ಬ ಅರ್ಜಿ ಚಾಚಿ, ಸ್ವಲ್ಪ ತುಂಬಿಕೊಡಿ ತಾಯೀ ಎಂದ. ಅವನ ಮೊಣಕೈ ಹಿಡಿದು ಮಗಳು ನಿಂತಿದ್ದಳು. ಹನ್ನೊಂದಕ್ಕೆ ಬಂದಾಗ ಮುದುಕ ದನಿ ತಗ್ಗಿಸಿದ.

"ಇಲ್ಲ ಅಂತ ಹಾಕಿ."

"ಮಗಳಿದಾಳಲ್ಲ ಯಜಮಾನ್ರೇ?"

"ಇದಾಳೆ ಅಂತ ಬರದ್ರೆ ಕೊಡಲ್ಲ ತಾಯೀ. ಹೋದ್ಸಲ ಹಂಗೇ ವಾಪಸ್ ಕಳಿಸಿದ್ರು, ನೋಡ್ಕೊಳ್ಳೋಕೆ ಜನ ಇದಾರಲ್ಲ ನಿಂಗೆ, ಅಂತ. ಯಾವ ಪುಣ್ಯಾತ್ಮ ಬರೆದಿಟ್ಟನೋ ಈ ಪ್ರಶ್ನೇನ!"

ಹಾಗೆಂದವನು ಮಗಳ ಕಡೆ ತಿರುಗಿ ನೋಡಲಿಲ್ಲ. ಮಗಳು ಹಿಡಿದ ಮೊಣಕೈ ಬಿಡಲಿಲ್ಲ. ಆ ಪುಣ್ಯಾತ್ಮೆ ನಾನೇ ಎಂಬುದನ್ನು ನುಂಗಿಕೊಂಡು ಪ್ರೊಫೆಸರ್ 'ಇಲ್ಲ' ಎಂದು ಬರೆದರು.

ಸಾಲಿನಲ್ಲಿ ನಿಂತು ಹಿಂದುಮುಂದಿನವರ ಅರ್ಜಿ ತುಂಬಿಸುವ ಮಂಗಳವಾರದ ವ್ರತ ಶುರುವಾದದ್ದು ಹೀಗೆ. ಜೊತೆಗೆ ಇಲಾಖೆಗೆ ಪತ್ರಗಳ ಮೇಲೆ ಪತ್ರ: ಉತ್ತರ 'ಇದ್ದಾರೆ' ಎಂದಿದೆ ಎಂಬ ಕಾರಣಕ್ಕೆ ಅರ್ಜಿ ತಳ್ಳಬೇಡಿ ಎಂದು. 'ಪರಿಶೀಲನೆಯಲ್ಲಿದೆ' ಎಂಬ ಮರುಪತ್ರಗಳಿಂದ ಒಂದು ಕಪಾಟು ತುಂಬಿತು. ಗಮನಿಸಿ, ಪ್ರಶ್ನೆಯನ್ನೇ ಕಿತ್ತುಹಾಕಿ ಎಂದು ಅವರು ಒಮ್ಮೆಯೂ ಬರೆಯಲಿಲ್ಲ. ಹೆತ್ತ ಕರುಳು! ಗೋಡೆಯ ಮೇಲಿನ ಆ ಪುಟವೂ ಉಳಿಯಬೇಕು, ಸಾಲಿನಲ್ಲಿ ನಿಂತವರೂ ಬದುಕಬೇಕು ಎಂಬ ಆಸೆ ಅವರನ್ನು ಬಹಳ ಕಾಲ ಆಡಿಸಿತು. ಅವರನ್ನು ಎಷ್ಟೇ ಮೆಚ್ಚಿದರೂ ಇದನ್ನು ನಾನು ಮುಚ್ಚಿಡಲಾರೆ.

ನಿವೃತ್ತಿಗೆ ಮೂರು ತಿಂಗಳಿರುವಾಗ ಅರ್ಜಿಯ ಪುನರ್ವಿಮರ್ಶೆಗೆ ಸಮಿತಿ ಕೂತಿತು; ಪ್ರೊಫೆಸರೂ ಅದರ ಸದಸ್ಯೆ. ಇನ್ನು ಅಂಥದ್ದು ಕೂರುವುದು ಹತ್ತು ವರ್ಷಕ್ಕೆ. ಅಧ್ಯಕ್ಷನಾಗಿದ್ದವನು ಹಿಂದೆ ಗಾಲಿಕುರ್ಚಿಯ ಕೋಷ್ಟಕ ಹಿಡಿದು ಬೆಬ್ಬೆಬ್ಬೆ ಎಂದಿದ್ದ ಅದೇ ಶಿಷ್ಯ. ಗುರುವಿನ ಮೇಲಿನ ಭಕ್ತಿಯಿಂದಲೇ ಅವನು ಗುರುವಿನ ಪ್ರಬಂಧವನ್ನು ಮೇಜಿನ ಮೇಲಿಟ್ಟ. ಅಂದಿನಿಂದ ಹನ್ನೊಂದನೆಯ ಪ್ರಶ್ನೆಗೆ ಬಂದ ಉತ್ತರಗಳ ಪ್ರಕಾರ ಮನೆಯಲ್ಲಿ ಆರೈಕೆ ಮಾಡುವವರ ಸಂಖ್ಯೆ ವರ್ಷವರ್ಷವೂ ಕುಸಿಯುತ್ತಿದೆ, ಈಗ ಇಲ್ಲವೇ ಇಲ್ಲವೆನ್ನುವಷ್ಟಾಗಿದೆ, ಆದ್ದರಿಂದ ಅವರಿಗೆಂದು ಯೋಚಿಸಿದ್ದ ನೆರವಿನ ಯೋಜನೆ ಕೈಬಿಡಬಹುದು, ಹನ್ನೊಂದನೆಯ ಪ್ರಶ್ನೆ ಮುಂದುವರಿಯಲಿ ಎಂದು ಟಿಪ್ಪಣಿ ಓದಿದ. ಪಕ್ಕದ ಸಹೋದ್ಯೋಗಿ, ಇವರ ಮುಖದ ಬಣ್ಣ ನೋಡಿ, "ಸುಮ್ನಿರಿ ಮೇಡಂ, ತಲೆ ಮೇಲೆ ಚಪ್ಪಡಿ ಎಳ್ಕೋಬೇಡಿ" ಎಂದು ಪಿಸುಗುಟ್ಟಿದರು.

ಪ್ರೊಫೆಸರ್ ಎದ್ದು ನಿಂತರು. ಕೋಟಿನ ಆರು ಜೇಬುಗಳಿಂದ ಪೆನ್ನುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಇಟ್ಟರು.

"ಆ 'ಇಲ್ಲ'ಗಳನ್ನ ಬರೆದಿದ್ದು ಇಂಥ ಪೆನ್ನುಗಳು. ಎಷ್ಟೋ ನಾನೇ ಬರೆದಿದ್ದೀನಿ, ಉಳಿದಿದ್ದನ್ನ ಹಾಗೇ ಬರೀರಿ ಅಂತ ನಾನೇ ಹೇಳಿಕೊಟ್ಟಿದ್ದೀನಿ. ಎಲ್ಲಾ ಸುಳ್ಳು. ಪ್ರತಿಯೊಬ್ಬರ ಪಕ್ಕದಲ್ಲೂ ಮಗಳೋ ಸೊಸೆಯೋ ನಿಂತಿದ್ರು, ನಾನು ಕಣ್ಣಾರೆ ನೋಡಿದ್ದೀನಿ. ಆ ಹೆಣ್ಣುಮಕ್ಕಳು ಕಾಣಲಿ ಅಂತ ಹಾಕಿದ ಪ್ರಶ್ನೆ ಅದು. ಅವರನ್ನ ಅಳಿಸಿಹಾಕ್ತು. ನನ್ನ ಪ್ರಬಂಧ ಇನ್ನು ಯಾವ ಕೆಲಸಕ್ಕೂ ಬರಲ್ಲ."

ಸರ್ಕಾರದ ಕಾಗದದಲ್ಲಿ ಸುಳ್ಳು ಬರೆದೆ, ಬರೆಸಿದೆ ಎಂದು ಸರ್ಕಾರದ ಎದುರಿಗೇ ಒಪ್ಪಿಕೊಂಡರೆ ಏನಾಗಬಹುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಸರು, ಪೀಠ, ಬಾಳೆಲ್ಲ ಗಳಿಸಿದ ಗೌರವ, ಎಲ್ಲವನ್ನೂ ಅವರು ಆ ಪೆನ್ನುಗಳ ಪಕ್ಕದಲ್ಲೇ ಇಟ್ಟಿದ್ದರು. ಅಧ್ಯಕ್ಷ ನಿಧಾನವಾಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಆಮೇಲೆ, ಮೇಡಂ?"

"ಆಮೇಲೆ ಇನ್ನೇನಪ್ಪಾ, ಹನ್ನೊಂದನ್ನ ತೆಗೆದುಹಾಕು."

ತೆಗೆದುಹಾಕಿದರು. ಅವರ ಮೇಲೆ ವಿಚಾರಣೆಯೂ ನಡೆಯಿತು. ಒಂದು ವಾಗ್ದಂಡನೆಯ ಪತ್ರ ಬಂತು. ಮೊದಲ ಪುಟ ಇಳಿಸಿದ ಮೊಳೆಗೆ ಆ ಪತ್ರವನ್ನೇ ಕಟ್ಟು ಹಾಕಿಸಿ ತೂಗುಬಿಟ್ಟರು, ನಮ್ಮ ಪ್ರೊಫೆಸರ್! ಬಂದವರಿಗೆಲ್ಲ ಅದನ್ನು ತೋರಿಸುವ ಹೆಮ್ಮೆ ತಂಗಿಯದು.

ಹೊಸ ಅರ್ಜಿ ಬಂದ ಮೊದಲ ಮಂಗಳವಾರ ಅವರು ಎಂದಿನಂತೆ ಸಾಲಿನಲ್ಲಿದ್ದರು. ಪ್ರಶ್ನೆ ತೆಗೆದವರು ಸಂಖ್ಯೆ ತಿದ್ದಿರಲಿಲ್ಲ. ಹತ್ತಾದ ಮೇಲೆ ನೇರ ಹನ್ನೆರಡು. ತಂದೆಯ ತೋಳು ಹಿಡಿದಿದ್ದ ಹುಡುಗಿಯೊಬ್ಬಳು ಹಾಳೆ ತಿರುಗಿಸಿ ಮುರುಗಿಸಿ ನೋಡಿದಳು.

"ಇದೇನ್ ಮೇಡಂ, ಹನ್ನೊಂದೇ ಇಲ್ಲ? ಪ್ರೆಸ್ಸಿನೋರು ತಪ್ಪು ಮಾಡಿದಾರೆ."

"ಪ್ರೆಸ್ಸಿನೋರ ತಪ್ಪಲ್ಲಮ್ಮ, ನಂದು" ಎಂದರು ಪ್ರೊಫೆಸರ್, ಪೆನ್ನು ಕೊಡುತ್ತ. "ಈಗ ಸರಿ ಹೋಗಿದೆ. ನೀನು ಅಪ್ಪನ ಕೈ ಬಿಡಬೇಡ, ಹನ್ನೆರಡಕ್ಕೆ ಹೋಗು."

ಲೋಕದ ಗೋಳಿಗೆ ಮರುಗಿ ಪರಿಹಾರ ಬರೆದಿಡುವ ಪಂಡಿತರು ಅನೇಕರು, ಅವರಿಗೆಲ್ಲ ನಮಸ್ಕಾರ. ತಾವು ಬರೆದಿಟ್ಟದ್ದು ಯಾರ ಮನೆಯಲ್ಲಿ ಏನು ಮಾಡಿತೆಂದು ನೋಡಲು ಹಿಂತಿರುಗಿ ಬರುವವರು, ಬಂದು ಸಾಲಿನಲ್ಲಿ ನಿಲ್ಲುವವರು ಕೆಲವರೇ. ಅವರ ಕೀರ್ತಿಯನ್ನು ಗ್ರಂಥಾಲಯದಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಯಾವುದೋ ಅರ್ಜಿಯಲ್ಲಿ ಹತ್ತಕ್ಕೂ ಹನ್ನೆರಡಕ್ಕೂ ನಡುವೆ, ಜನ ಏನನ್ನೂ ಬರೆಯಬೇಕಾಗಿಲ್ಲದ ಜಾಗದಲ್ಲಿ ಅದು ಇರುತ್ತದೆ.