ಗುಡಿಸಿಟ್ಟ ಮನೆ

ಮೂರನೇ ಸಲವೂ ಬಟ್ಟಲು ತುಂಬಿತು. ತಪ್ಪು ರಯ್ಯಾಳದೇ. ಕಾಫಿ ಸಾಕು ಅನ್ನುವವರು ಖಾಲಿ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿ ವಾಪಸು ಕೊಡಬೇಕು. ಅವಳು ಅಂಗಳದ ಗೋಡೆಯನ್ನೇ ನೋಡುತ್ತ ಸುಮ್ಮನೆ ಕೈ ಚಾಚಿದ್ದಳು, ಜುವೈನಾ ಅಜ್ಜಿಯ ಸೊಸೆ ಶಮ್ಸಾ ಸುಮ್ಮನೆ ಬಗ್ಗಿಸಿದ್ದಳು. ಬಂದಾಗ ಗೋಡೆಯ ನೆತ್ತಿಯಲ್ಲಿದ್ದ ಬಿಸಿಲು ಈಗ ನಲ್ಲಿಯ ಮಟ್ಟಕ್ಕೆ ಇಳಿದಿತ್ತು.

"ಕುಡಿ. ಮಸ್ಕತ್ತಿನಲ್ಲಿ ಇಂಥ ಕಾಫಿ ಎಲ್ಲಿ ಸಿಗ್ಬೇಕು ನಿಂಗೆ? ಅಲ್ಲಿ ಎಲ್ಲಾ ಕಾಗದದ ಲೋಟ" ಅಂದಳು ಅಜ್ಜಿ.

"ಅಜ್ಜಿ, ಆ ಬೀಗದ ಕೈ ಕೊಟ್ಟುಬಿಟ್ರೆ..."

"ಬೀಗದ ಕೈಗೇನು ರೆಕ್ಕೆ ಇದೆಯಾ, ಹಾರಿಹೋಗೋಕೆ? ಮೊದಲು ಸುದ್ದಿ ಹೇಳು. ಅಮ್ಮ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ."

"ಅಪ್ಪ?"

"ಚೆನ್ನಾಗಿದ್ದಾರೆ."

"ಅವನ ಮೊಣಕಾಲು?"

"ಮೊಣಕಾಲೂ ಚೆನ್ನಾಗಿದೆ ಅಜ್ಜಿ."

ಶಮ್ಸಾ ಮುಸುಕಿನಲ್ಲೇ ನಕ್ಕಳು. ಖರ್ಜೂರದ ತಟ್ಟೆ ಆಯಿತು, ಹಣ್ಣಿನ ತಟ್ಟೆ ಬಂತು. ಹೆಚ್ಚಿದ ಸೇಬು, ಕಿತ್ತಳೆ, ಬಾಳೆ. ಶುಕ್ರವಾರದ ಬೆಳಿಗ್ಗೆ ಬಂದ ನೆಂಟರನ್ನು ಹಣ್ಣು ಮುಟ್ಟಿಸದೆ ಎಬ್ಬಿಸುವ ಮನೆ ಆ ಊರಿನಲ್ಲಿ ಯಾವುದೂ ಇಲ್ಲ. ರಯ್ಯಾ ಸೇಬಿನ ಎರಡು ಹೋಳನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡಳು.

ಅವಳಿಗೆ ಬೇಕಿದ್ದುದು ಊರ ಮೇಲಿನ ಹಳೆಯ ಕೇರಿಯ ಒಂದು ಮನೆ. ನಲವತ್ತು ವರ್ಷದ ಹಿಂದೆ ಕೆಳಗಿನ ರಸ್ತೆಗೆ ವಿದ್ಯುತ್ತು ಬಂದಾಗ ಇಡೀ ಕೇರಿ ಒಂದೇ ಚಳಿಗಾಲದಲ್ಲಿ ಸಿಮೆಂಟಿನ ಮನೆಗಳಿಗೆ ಇಳಿದಿತ್ತು. ಹಾಸಿಗೆ, ಪೆಟ್ಟಿಗೆ, ಪಾತ್ರೆ ಹೊತ್ತು ತಂದಿದ್ದರು. ಉಳಿದದ್ದನ್ನು ಆಮೇಲೆ ತರೋಣ ಅಂದುಕೊಂಡವರು ತರಲೇ ಇಲ್ಲ. ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಕುಸಿದವು. ಜುವೈನಾ ಅಜ್ಜಿಯ ಮನೆಯೊಂದೇ ಮಾಡು ಸಮೇತ ನಿಂತಿತ್ತು.

ರಯ್ಯಾ ಕಾಲೇಜಿನಲ್ಲಿ ಫೋಟೋಗ್ರಫಿ ಕಲಿಯುತ್ತಿದ್ದಳು. ಬಿಟ್ಟುಹೋದ ಮನೆಗಳು, ಅವುಗಳಲ್ಲಿ ಉಳಿದ ಸಾಮಾನುಗಳು. ಇದು ಅವಳ ಕೊನೆಯ ವರ್ಷದ ಕೆಲಸ. ಹನ್ನೆರಡು ಚಿತ್ರ ಕೊಡಬೇಕು. ಮೊದಲು ಕೊಟ್ಟ ಹನ್ನೆರಡನ್ನೂ ಮೇಷ್ಟ್ರು ಹಿಂತಿರುಗಿಸಿದ್ದರು. ಒಂದು ಚಿತ್ರದಲ್ಲಿ ಕಿಟಕಿಯ ಮೇಲೊಂದು ಚಪ್ಪಲಿ ಇತ್ತು. "ಚಪ್ಪಲಿಯ ಮೇಲೆ ಧೂಳಿದೆ, ಕಿಟಕಿಯ ಮೇಲೂ ಧೂಳಿದೆ. ಆದ್ರೆ ಧೂಳಿನ ಮೇಲೆ ನಿನ್ನ ನಾಲ್ಕು ಬೆರಳಿನ ಗುರುತಿದೆಯಲ್ಲಮ್ಮ" ಅಂದಿದ್ದರು. ನೆಲದಲ್ಲಿ ಬಿದ್ದಿದ್ದ ಚಪ್ಪಲಿಯನ್ನು ಬೆಳಕಿಗೆ ಎತ್ತಿಟ್ಟವಳು ಅವಳೇ. ಏನನ್ನೂ ಮುಟ್ಟದೆ, ಏನನ್ನೂ ಜೋಡಿಸದೆ ಹೊಸದಾಗಿ ತೆಗೆದು ಭಾನುವಾರ ಹತ್ತು ಗಂಟೆಗೆ ತರಬೇಕು. ತಪ್ಪಿದರೆ ವರ್ಷ ಮತ್ತೆ ಮೊದಲಿನಿಂದ.

ಎರಡು ವಾರದ ಹಿಂದೆ ಬಂದು ಜುವೈನಾ ಅಜ್ಜಿಯ ಮನೆಯನ್ನು ಕಿಟಕಿಯ ಸರಳಿನ ಸಂದಿನಿಂದ ನೋಡಿಹೋಗಿದ್ದಳು. ಗಾಜಿಲ್ಲದ ಲಾಟೀನು ಮೊಳೆಗೆ ತೂಗುತ್ತಿತ್ತು. ಗೂಡಿನಲ್ಲಿ ಕಾಡಿಗೆಯ ಕಡ್ಡಿ ಅಂಟಿಕೊಂಡ ಶೀಶೆ. ಮಗುವಿನ ಒಂಟಿ ಬೂಟು. ನೆಲದ ನಡುವೆ ಅರ್ಧ ಹೆಣೆದ ಖರ್ಜೂರದ ಗರಿಯ ಚಾಪೆ, ಹೆಣೆಯುವ ದಬ್ಬಣ ಅದರಲ್ಲೇ ಚುಚ್ಚಿಕೊಂಡಿತ್ತು. ಎಲ್ಲದರ ಮೇಲೂ ಒಂದೇ ಬಣ್ಣದ ಧೂಳು. ಎತ್ತರದ ಕಿಟಕಿಯಿಂದ ಒಳಗೆ ಬೆಳಕು ಬೀಳುತ್ತಿದ್ದುದು ಬೆಳಿಗ್ಗೆ ಒಂದೇ ಗಂಟೆ. ಅಂದು ಕ್ಯಾಮೆರಾ ತಂದಿರಲಿಲ್ಲ, ಬೀಗ ಬೇರೆ. ಕೆಳಗೆ ಬಂದು ಅಜ್ಜಿಯನ್ನು ಮರ್ಯಾದೆಯಿಂದ ಕೇಳಿದ್ದಳು. ಮಸ್ಕತ್ತಿನಲ್ಲಿ ಪ್ರದರ್ಶನ ಆಗುತ್ತೆ, ಎಲ್ಲರೂ ನೋಡ್ತಾರೆ ಎಂದೂ ಸೇರಿಸಿದ್ದಳು, ಅಜ್ಜಿ ಒಪ್ಪಲಿ ಅಂತ.

ಅಜ್ಜಿ ಒಪ್ಪಿದ್ದಳು. ಈಗ ಬೀಗದ ಕೈಯನ್ನು ಕೊಡದೆ ತಾನೇ ಹಿಡಿದುಕೊಂಡು ಹೊರಟಳು. ಹತ್ತು ಹೆಜ್ಜೆಗೊಮ್ಮೆ ನಿಂತು, ಇದು ಯಾರ ಮನೆ, ಆ ಕಲ್ಲಿನ ಮೇಲೆ ಯಾರು ಬಿದ್ದರು ಎಂದು ಹೇಳಿದಳು. ರಯ್ಯಾ ಹೂಂ ಹೂಂ ಅನ್ನುತ್ತ ಮುಂದೆ ಹೋಗುವಳು, ಹಿಂದೆ ಬರುವಳು. ಹೆಗಲ ಮೇಲೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲುಗಳು ಒತ್ತುತ್ತಿದ್ದವು.

"ಏನೇ ಇದು, ಹಾಲು ಕರೆಯೋ ಹೊತ್ತಿನ ಆಡಿನ ಹಾಗೆ ಓಡ್ತೀಯಾ" ಅಂದಳು ಅಜ್ಜಿ. "ಮನೆ ಎಲ್ಲಿಗೂ ಹೋಗಲ್ಲ."

ಬೀಗ ತೆಗೆದ ಕೂಡಲೇ ಸಾಬೂನಿನ ವಾಸನೆ ಬಂತು.

ನೆಲ ಒರೆಸಿ ಹೊಳೆಯುತ್ತಿತ್ತು. ಗೋಡೆಯ ಕೆಳಗಿನ ಅರ್ಧಕ್ಕೆ ಸುಣ್ಣ ಬಳಿದಿತ್ತು. ಮೇಲಿನ ಅರ್ಧ ಕೈಗೆ ಎಟುಕಿರಲಿಲ್ಲ. ಕೆಂಪು ಕಂಬಳಿ ಹಾಸಿ, ಗೋಡೆಗೆ ಹೊಸ ದಿಂಬುಗಳನ್ನು ಒರಗಿಸಿದ್ದರು. ಗೂಡಿನಲ್ಲಿ ಪ್ಲಾಸ್ಟಿಕ್ಕಿನ ಗುಲಾಬಿ. ಲೋಬಾನದ ಬಟ್ಟಲು ಇಟ್ಟು ಹೊಗೆಯನ್ನೂ ಹಾಕಿದ್ದರು.

ರಯ್ಯಾ ಹೊಸ್ತಿಲಲ್ಲೇ ನಿಂತಳು.

"ಹೇಗಿದೆ?" ಅಂದಳು ಅಜ್ಜಿ. "ನಾಲ್ಕು ಮನೆಯ ಹೆಂಗಸರು, ಮೂರು ದಿನ. ಶಮ್ಸಾಳ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಈ ದಿಂಬು ಈದ್‌ಗೆ ಅಂತ ಇಟ್ಟಿದ್ದು, ನಿನ್ನ ಫೋಟೋಗೆ ಅಂತ ಬಿಚ್ಚಿದೆ."

"ಇಲ್ಲಿದ್ದ ಸಾಮಾನು ಎಲ್ಲಿ?"

"ಯಾವ ಸಾಮಾನು? ಕಸ ಇತ್ತು."

"ಲಾಟೀನು ಇತ್ತು. ಬೂಟು ಇತ್ತು. ಚಾಪೆ ಇತ್ತು ಅಜ್ಜಿ, ನಡುವೆ, ಇಲ್ಲಿ."

"ಸುಟ್ಟೆವು."

ರಯ್ಯಾ ಕ್ಯಾಮೆರಾದ ಚೀಲವನ್ನು ನೆಲಕ್ಕೆ ಇಡಲು ಹೋದಳು, ಒರೆಸಿದ ನೆಲ ನೋಡಿ ಮತ್ತೆ ಹೆಗಲಿಗೇರಿಸಿದಳು. ಆ ಸಣ್ಣ ವಿಷಯಕ್ಕೇ ಅವಳಿಗೆ ಅಳು ಬಂತು.

"ಯಾಕೆ ಸುಟ್ಟಿರಿ? ನಾನು ಅದಕ್ಕೇ ಬಂದಿದ್ದು. ಅದಕ್ಕೇ ಕೇಳಿದ್ದು."

"ನೀನು ಮನೆಯ ಫೋಟೋ ಅಂದೆ."

"ಇದ್ದ ಹಾಗೆ ಬೇಕಿತ್ತು. ಮನೆಯನ್ನ ಹಾಳು ಮಾಡಿಬಿಟ್ರಿ ನೀವು."

ಅಜ್ಜಿ ಒರೆಸಿದ ನೆಲದ ಕಡೆ ಕೈ ತೋರಿಸಿದಳು. "ಹಾಳು ಬಿದ್ದ ಮನೆಯನ್ನ ಗುಡಿಸಿದ್ದಕ್ಕೆ ಹಾಳು ಮಾಡಿದೆ ಅಂತೀಯಾ? ಕಾಲೇಜಿನಲ್ಲಿ ಇದನ್ನೇ ಕಲಿಸ್ತಾರಾ?" ಧ್ವನಿ ಎತ್ತರಿಸಿರಲಿಲ್ಲ. "ಆ ಚಾಪೆ ಹೆಣೆದವಳು ನಾನು. ಮದುವೆಯಾಗಿ ಬಂದ ಹೊಸದು, ನಂಗೆ ಹೆಣಿಗೆ ಬರ್ತಿರಲಿಲ್ಲ. ಅತ್ತೆ ದಿನಾ ಅದನ್ನ ಹಿಡಿದು ಎಲ್ಲರಿಗೂ ತೋರಿಸೋಳು, ನೋಡಿ ನನ್ನ ಸೊಸೆಯ ಅಂಕುಡೊಂಕು ಅಂತ. ಮನೆ ಬಿಡುವಾಗ ಬೇಕೂಂತಲೇ ಬಿಟ್ಟುಬಂದೆ. ಅದನ್ನ ನೀನು ಮಸ್ಕತ್ತಿನವರಿಗೆ ತೋರಿಸ್ತೀಯಾ?"

ಕೇಳದೆಯೇ ಗೋಡೆ ಹಾರಿ ಫೋಟೋ ತೆಗೆದುಕೊಂಡು ಹೋಗಬಹುದಿತ್ತು ಅಂತ ರಯ್ಯಾಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ.

ಹಿಂದಿನ ಓಣಿಗೆ ಓಡಿದಳು. ಬೂದಿಯ ಗುಡ್ಡೆ ಇತ್ತು. ಕಡ್ಡಿಯಿಂದ ಕೆದಕಿದಳು. ಲಾಟೀನಿನ ತಂತಿ ಸಿಕ್ಕಿತು, ಮಸಿ ಹಿಡಿದ ಶೀಶೆಯ ತಳ ಸಿಕ್ಕಿತು. ಶೀಶೆಯನ್ನು ಎತ್ತಿಕೊಂಡು ಒಳಗೆ ಹೋಗಿ ಗೂಡಿನಲ್ಲಿಟ್ಟು ತೆಗೆಯಲೇ ಎಂದು ಒಂದು ಗಳಿಗೆ ಯೋಚಿಸಿದಳು. ಮೇಷ್ಟ್ರು ಹೇಳಿದ ನಾಲ್ಕು ಬೆರಳು ನೆನಪಾಯಿತು. ಬೂದಿಗೇ ಹಾಕಿ ಕೈ ಕೊಡವಿದಳು. ಪಕ್ಕದ ಮನೆಗಳಿಗೆ ಇಣುಕಿದಳು. ಒಂದರಲ್ಲಿ ಮಾಡು ಪೂರ್ತಿ ನೆಲಕ್ಕೆ ಬಂದಿತ್ತು, ಇನ್ನೊಂದರಲ್ಲಿ ಯಾರದೋ ಆಡುಗಳಿದ್ದವು, ಮೂರನೆಯದರ ಬಾಗಿಲೇ ಮಣ್ಣಲ್ಲಿ ಹೂತಿತ್ತು. ಶುಕ್ರವಾರ ಹೀಗೆ ಹೋಯಿತು, ಉಳಿದದ್ದು ಶನಿವಾರ ಒಂದು. ಒಂದೇ ದಿನದಲ್ಲಿ ಇನ್ನೊಂದು ಊರು, ಇನ್ನೊಂದು ಬೀಗ, ಇನ್ನೊಂದು ಮನೆಯ ಮೂರು ಬಟ್ಟಲು ಕಾಫಿ.

ಮರಳಿ ಬಂದಾಗ ಅಜ್ಜಿ ಒಳಗೆ ಕೂತಿದ್ದಳು. ಏರು ಹತ್ತಿದ ಆಯಾಸ, ಬೇಸರವೂ ಇತ್ತೇನೋ. ಎದುರು ಗೋಡೆಯ ಸುಣ್ಣದ ಮೇಲೆ ಕಿಟಕಿಯ ಬೆಳಕು ಒಂದು ಬಾಗಿಲಿನಷ್ಟು ಅಗಲಕ್ಕೆ ನಿಂತಿತ್ತು.

"ಒಂದು ಕೆಲಸ ಮಾಡೋಣ" ಅಂದಳು ಅಜ್ಜಿ. "ಶಮ್ಸಾಳ ಹತ್ತಿರ ಹಳೇ ಲಾಟೀನಿದೆ. ನನ್ನ ಮೊಮ್ಮಗನ ಬೂಟೂ ಇದೆ, ಹರಿದದ್ದು. ತರಿಸ್ತೀನಿ. ಎಲ್ಲಿಡಬೇಕು ಹೇಳು, ಮಣ್ಣು ಬೇಕಾದ್ರೆ ಉದುರಿಸೋಣ."

"ಇಡಬಾರದು ಅಜ್ಜಿ. ಯಾರೂ ಏನೂ ಇಡಬಾರದು."

"ತೆಗೀಲೂ ಬಾರದು, ಇಡಲೂ ಬಾರದು" ಅಂದಳು ಅಜ್ಜಿ. "ಇಂಥ ಮೇಷ್ಟ್ರಿಗೆ ಅಡುಗೆ ಮಾಡಿ ಹಾಕೋಳು ಪುಣ್ಯವಂತೆ."

ರಯ್ಯಾ ನಗಲಿಲ್ಲ. ನಗುವುದು ಒಪ್ಪಿಕೊಂಡಂತೆ ಆಗುತ್ತಿತ್ತು. ಕ್ಯಾಮೆರಾವನ್ನು ಕಾಲುಗಳ ಮೇಲೆ ನಿಲ್ಲಿಸಿದಳು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗಬಾರದು ಎಂಬ ಹಟವಷ್ಟೇ. ಅರ್ಧ ಬಿಳಿ, ಅರ್ಧ ಮಣ್ಣಿನ ಗೋಡೆಯನ್ನು ತೆಗೆದಳು. ಗುಲಾಬಿಯನ್ನು ತೆಗೆದಳು. ಹೋಟೆಲಿನ ಜಾಹೀರಾತಿನ ಹಾಗೆ ಕಂಡಿತು. ಕ್ಯಾಮೆರಾವನ್ನು ತಿರುಗಿಸಿದಳು; ಚೌಕಟ್ಟಿನೊಳಗೆ ಅಜ್ಜಿ ಬಂದಳು, ಎರಡೂ ಅಂಗೈಯನ್ನು ಮಂಡಿಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತವಳು.

"ನಾನು ಬೇಡ" ಅಂದಳು ಅಜ್ಜಿ ತಕ್ಷಣ. "ಪ್ರದರ್ಶನದಲ್ಲಿ ಗಂಡಸರೆಲ್ಲ ನೋಡೋದಕ್ಕೆ ನನ್ನ ಮುಖವಾ? ಗಂಡ ಗೋರಿಯಿಂದ ಎದ್ದು ಬಂದಾನು. ತಡಿ, ಏಳ್ತೀನಿ."

ನೆಲಕ್ಕೆ ಕೈಯೂರಿ, ಗೋಡೆ ಹಿಡಿದು, ದೇವರ ಹೆಸರು ಹೇಳಿ ಎದ್ದಳು. ಪಕ್ಕಕ್ಕೆ ಸರಿದು ನಿಂತಳು.

ರಯ್ಯಾ ಕಣ್ಣನ್ನು ಕ್ಯಾಮೆರಾಕ್ಕೆ ಇಟ್ಟವಳು ಹಾಗೇ ಉಳಿದಳು. ಕೂರುವ ದಿಂಬಿನ ನಡುವೆ ಒಂದು ಗುಳಿ ಇತ್ತು. ಬೆನ್ನಿನ ದಿಂಬಿನ ಮೇಲೂ ಒಂದು ಗುಳಿ, ಎಡಕ್ಕೆ ಸ್ವಲ್ಪ ಓರೆ. ಅಜ್ಜಿ ಆ ಕಡೆಗೇ ಭಾರ ಬಿಟ್ಟು ಕೂರುವವಳಿರಬೇಕು. ಅದರ ಮುಂದೆ ಕಂಬಳಿಯ ರೋಮ ಎರಡು ಹಿಮ್ಮಡಿಯ ಅಗಲಕ್ಕೆ ಮಲಗಿತ್ತು. ಯಾರೂ ಏನೂ ಇಟ್ಟಿರಲಿಲ್ಲ. ಗೋಡೆಯ ಬೆಳಕು ಇಳಿದು ಬಂದು ಗುಳಿಯ ಒಂದು ಅಂಚನ್ನು ಮುಟ್ಟಿತ್ತು, ಇನ್ನೊಂದು ಅಂಚು ಕಪ್ಪಾಗಿತ್ತು. ಹೊಸ ಹತ್ತಿಯಾದ್ದರಿಂದ ಅದು ಕಣ್ಣೆದುರೇ ನಿಧಾನವಾಗಿ ಮೇಲೇಳುತ್ತಿತ್ತು.

ಉಸಿರು ಹಿಡಿದು ಕ್ಯಾಮೆರಾದ ಬೆಳಕು ಸರಿಮಾಡಿಕೊಂಡಳು. ಒಂದು ಚಿತ್ರ. ಹನ್ನೆರಡರಲ್ಲಿ ಒಂದು. ಗುಂಡಿ ಒತ್ತಿದಳು.

"ಅಯ್ಯೋ, ಹೀಗೇ ತೆಗೆದುಬಿಟ್ಯಾ?" ಅಂದಳು ಅಜ್ಜಿ.

ರಯ್ಯಾ ಹಿಂಬದಿಯ ಪುಟ್ಟ ಪರದೆಯನ್ನು ನೋಡಿದಳು. ಚಿತ್ರದಲ್ಲಿ ಗುಳಿ ಇತ್ತು, ಬೆಳಕೂ ಇತ್ತು. ಬಲಗಡೆಯ ಅಂಚಿನಿಂದ ಮಾಸಿದ ಮದರಂಗಿಯ ಒಂದು ಕೈ ಒಳಗೆ ಬಂದಿತ್ತು, ಬೆರಳು ಅಗಲಿಸಿಕೊಂಡು, ಅಲುಗಿ ಮಸುಕಾಗಿ.

"ಕೈ ಬಂತಾ? ಮುಖ ಅಲ್ಲವಲ್ಲ, ಪರವಾಗಿಲ್ಲ. ಇನ್ನೊಂದು ತೆಗಿ, ಈಗ ಚೆನ್ನಾಗಿ ಬರುತ್ತೆ."

ರಯ್ಯಾ ತಲೆಯೆತ್ತಿದಳು. ಅಜ್ಜಿ ಅಷ್ಟರಲ್ಲಿ ಎರಡೂ ದಿಂಬನ್ನು ತಟ್ಟಿ, ಮೂಲೆಗಳನ್ನು ಎಳೆದು, ಗೋಡೆಗೆ ನೆಟ್ಟಗೆ ಒರಗಿಸಿಯಾಗಿತ್ತು. ಈಗ ಬಗ್ಗಿ, ಅಂಗೈಯಿಂದ ಕಂಬಳಿಯ ರೋಮವನ್ನು ಒಂದೇ ದಿಕ್ಕಿಗೆ ಸವರುತ್ತಿದ್ದಳು.